ಕೆರೆ ಪಕ್ಕದ ಮನೆಗೆ ಎಷ್ಟು ಮೀಟರ್ ದೂರ ಸಾಕು?

ಮೈಸೂರಿನ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಕಡೆ ಸೈಟ್ ಇಟ್ಟುಕೊಂಡವರಿಗೆ ಒಂದರ ಹಿಂದೆ ಒಂದು ಸುದ್ದಿ ಬಂದು ತಲೆ ಕೆಟ್ಟಿದೆ. ಕೆರೆ ಸುತ್ತಲಿನ 30 ಮೀಟರ್ ನಿಯಮ ಸಡಿಲ ಅಂತ ಒಂದು ಸುದ್ದಿ. ರೆವಿನ್ಯೂ ಸೈಟಿಗೂ (ಮಂಜೂರಾತಿ ಇಲ್ಲದೆ ಜಮೀನಿನಲ್ಲಿ ಮಾಡಿದ ಸೈಟು) ಬಿ-ಖಾತಾ, ಅಂದರೆ ತೆರಿಗೆ ಕಟ್ಟಲು ಒಂದು ಖಾತೆ, ಸಿಗುತ್ತದೆ ಅಂತ ಇನ್ನೊಂದು. ಸುತ್ತಲಿನ ಊರುಗಳೆಲ್ಲ ಬೃಹತ್ ಮೈಸೂರಿಗೆ, ಅಂದರೆ ದೊಡ್ಡದಾಗುವ ಮೈಸೂರು ಮಹಾನಗರ ಪಾಲಿಕೆಗೆ, ಸೇರುತ್ತವೆ ಅಂತ ಮತ್ತೊಂದು. ಮೂರನ್ನೂ ಕೂಡಿಸಿ ನೋಡಿದವರು ಸುಲಭವಾಗಿ ಒಂದು ತೀರ್ಮಾನಕ್ಕೆ ಬರುತ್ತಿದ್ದಾರೆ: ಇನ್ನು ಕೆರೆ ಪಕ್ಕ ಮನೆ ಕಟ್ಟಲು ತೊಂದರೆ ಇಲ್ಲ.

ಈ ತೀರ್ಮಾನ ತಪ್ಪು. ಮೂರು ಸುದ್ದಿಗಳೂ ಬೇರೆ ಬೇರೆ ಕಾನೂನಿನಿಂದ ಬಂದವು. ಮೂರೂ ಉತ್ತರ ಕೊಡದ ಪ್ರಶ್ನೆ ಒಂದಿದೆ. ಮಳೆ ಜೋರಾದಾಗ ನೀರು ಯಾವ ದಾರಿಯಲ್ಲಿ ಬರುತ್ತದೆ, ಆ ದಾರಿಯಲ್ಲಿ ನಿಮ್ಮ ಮನೆ ಇದೆಯಾ?

ಏನು ಬದಲಾವಣೆ ಆಯಿತು?

ಕರ್ನಾಟಕದಲ್ಲಿ 40 ಸಾವಿರದಷ್ಟು ಕೆರೆಗಳಿವೆ. ಅವುಗಳ ರಕ್ಷಣೆಗೆ 2014ರಲ್ಲಿ ಒಂದು ಕಾಯ್ದೆ ಬಂತು. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ, ಅಂಗಡಿ, ಕಾರ್ಖಾನೆ ಯಾವುದನ್ನೂ ಕಟ್ಟುವಂತಿಲ್ಲ ಅಂತ ಅದು ಹೇಳಿತು. ಕೆರೆ ದೊಡ್ಡದೋ ಚಿಕ್ಕದೋ, ಅಳತೆ ಒಂದೇ ಆಗಿತ್ತು.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಮಸೂದೆ ಈ ಒಂದೇ ಅಳತೆಯನ್ನು ಕೈಬಿಟ್ಟಿತು. ಅದರ ಪ್ರಕಾರ ಕೆರೆಯ ವಿಸ್ತೀರ್ಣ ನೋಡಿ ಮೀಸಲು ಜಾಗ, ಅಂದರೆ ಕೆರೆ ಸುತ್ತ ಕಟ್ಟದೆ ಬಿಡಬೇಕಾದ ಜಾಗ, ನಿಗದಿ ಆಗಬೇಕು. ತೀರಾ ಪುಟ್ಟ ಹೊಂಡಗಳಿಗೆ ಮೀಸಲು ಜಾಗವೇ ಇಲ್ಲ. ಒಂದು ಎಕರೆವರೆಗಿನ ಕಟ್ಟೆಗೆ 3 ಮೀಟರ್. 1ರಿಂದ 10 ಎಕರೆಗೆ 6 ಮೀಟರ್. 10ರಿಂದ 25 ಎಕರೆಗೆ 12, ಅಲ್ಲಿಂದ 100 ಎಕರೆವರೆಗೆ 24. ನೂರು ಎಕರೆ ದಾಟಿದ ಕೆರೆಗೆ ಮಾತ್ರ ಮೊದಲಿನ 30 ಮೀಟರ್. ಇದರ ಜೊತೆಗೆ ರಸ್ತೆ, ಸೇತುವೆ, ವಿದ್ಯುತ್ ಲೈನ್, ಕುಡಿಯುವ ನೀರಿನ ಪೈಪು, ಒಳಚರಂಡಿ, ಪಂಪ್‌ಹೌಸ್, ಕೊಳಚೆ ನೀರು ಶುದ್ಧೀಕರಣ ಘಟಕಗಳಿಗೆ ಮೀಸಲು ಜಾಗದಲ್ಲಿ ಅವಕಾಶ ಕೊಡುವ ಮಾತೂ ಮಸೂದೆಯಲ್ಲಿದೆ.

ಗೊಂದಲಕ್ಕೆ ಹಳೆಯ ಕಾರಣವೂ ಒಂದಿದೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂತರ ಇರಬೇಕು ಅಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನ್ ಏನು ಹೇಳುತ್ತದೋ ಅದನ್ನು ಮೀರಿ ನ್ಯಾಯಮಂಡಳಿ ಅಂತರ ಹೆಚ್ಚಿಸುವಂತಿಲ್ಲ ಅನ್ನುವುದು ತೀರ್ಪಿನ ತಿರುಳು. ಬೆಂಗಳೂರಿನ ಆ 75 ಮೀಟರನ್ನು ಈಗಲೂ ಮೈಸೂರಿನಲ್ಲಿ ಕೆಲವರು ಬಾಯಿಮಾತಿನಲ್ಲಿ ಹೇಳುತ್ತಿರುತ್ತಾರೆ. ಅದನ್ನು ಮರೆತುಬಿಡಬಹುದು.

ಪೆಟ್ಟು ಬೀಳುವುದು ಯಾವ ಕೆರೆಗೆ?

ಮೈಸೂರು ಅಂದ ತಕ್ಷಣ ಎಲ್ಲರಿಗೂ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ನೆನಪಾಗುತ್ತವೆ. ಕುಕ್ಕರಹಳ್ಳಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಆದದ್ದು. ಲಿಂಗಾಂಬುಧಿ ಇನ್ನೂ ಹಳೆಯದು, 1828ರದು. ಮೂರೂ ನೂರು ಎಕರೆಗಿಂತ ದೊಡ್ಡವು. ಮೂರಕ್ಕೂ ಹೇಳುವವರು ಕೇಳುವವರು ಇದ್ದಾರೆ: ಕುಕ್ಕರಹಳ್ಳಿ ಮೈಸೂರು ವಿಶ್ವವಿದ್ಯಾಲಯದ್ದು, ಕಾರಂಜಿ ಮೃಗಾಲಯದ ಆಡಳಿತದ್ದು, ಲಿಂಗಾಂಬುಧಿ ಅರಣ್ಯ ಇಲಾಖೆಯದ್ದು. ಬೆಳಿಗ್ಗೆ ವಾಕಿಂಗ್ ಬರುವ ನೂರಾರು ಜನರ ಕಣ್ಗಾವಲಂತೂ ಇದ್ದೇ ಇದೆ. ತಿದ್ದುಪಡಿಯಿಂದ ಈ ಮೂರರ ಅಂತರ ಒಂದಡಿಯೂ ಕಡಿಮೆ ಆಗುವುದಿಲ್ಲ.

ಕಡಿಮೆ ಆಗುವುದು ಊರಾಚೆಯ ಸಣ್ಣ ಕೆರೆ ಕಟ್ಟೆಗಳದ್ದು. ಐದು ಎಕರೆ, ಎಂಟು ಎಕರೆ, ಒಂದೂವರೆ ಎಕರೆಯ ಈ ಕಟ್ಟೆಗಳ ಹೆಸರು ಪಕ್ಕದ ಹಳ್ಳಿಯವರನ್ನು ಬಿಟ್ಟರೆ ಬೇರೆಯವರಿಗೆ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಹೊಸ ಬಡಾವಣೆಗಳು ಎದ್ದಿರುವುದೂ ಇಂಥ ಕಡೆಯೇ. ನಗರದೊಳಗೆ ಸೈಟ್ ಬೆಲೆ ಕೈಗೆಟುಕದೆ ಸಾಲ ಸೋಲ ಮಾಡಿ 30x40 ಕೊಂಡವರು ಬಂದು ನೆಲೆಸಿರುವುದೂ ಇಲ್ಲೇ.

ಒಂದು ಲೆಕ್ಕ ಹಾಕಿ ನೋಡಿ. ಚೌಕಾಕಾರದ, ಸರಿಯಾಗಿ 10 ಎಕರೆಯ ಕೆರೆ ಅಂತ ಇಟ್ಟುಕೊಳ್ಳೋಣ. ಅದರ ಸುತ್ತ 30 ಮೀಟರ್ ಬಿಟ್ಟರೆ ಸುಮಾರು ಆರೂಮುಕ್ಕಾಲು ಎಕರೆ ಖಾಲಿ ಉಳಿಯುತ್ತದೆ. 6 ಮೀಟರ್ ಬಿಟ್ಟರೆ ಉಳಿಯುವುದು ಒಂದೂಕಾಲು ಎಕರೆ. ಅಂದರೆ ಐದು ಎಕರೆಗಿಂತ ಜಾಸ್ತಿ ಜಾಗ ಮಾರಾಟಕ್ಕೆ ಸಿಗುತ್ತದೆ. ರಸ್ತೆ, ಪಾರ್ಕಿಗೆ ಬಿಟ್ಟ ಮೇಲೂ 30x40 ಅಳತೆಯ ನೂರರಷ್ಟು ಸೈಟುಗಳು ಅದರಲ್ಲಿ ಕೂರುತ್ತವೆ. ಒಂದೇ ಒಂದು ಸಣ್ಣ ಕೆರೆಯ ಸುತ್ತ ಇಷ್ಟು. ಜಮೀನು ವ್ಯವಹಾರದವರಿಗೆ ಈ ಸುದ್ದಿ ಯಾಕೆ ಇಷ್ಟು ಮುಖ್ಯ ಆಯಿತು ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಸಡಿಲಿಸಬೇಕು ಅನ್ನುವವರ ವಾದ

ಅವರ ಮಾತನ್ನೂ ಸರಿಯಾಗಿ ಕೇಳಬೇಕು. ಒಂದು ಎಕರೆಯ ಕಟ್ಟೆ ಇದೆ ಅಂದುಕೊಳ್ಳಿ. ಅದಕ್ಕೂ 30 ಮೀಟರ್ ಬಿಟ್ಟರೆ ಸುತ್ತಲಿನ ಎರಡೂವರೆ ಎಕರೆ ಹೋಗುತ್ತದೆ. ಕಟ್ಟೆಗಿಂತ ಅದರ ಮೀಸಲು ಜಾಗವೇ ದೊಡ್ಡದು. ಆ ಎರಡೂವರೆ ಎಕರೆ ಸರ್ಕಾರದ್ದಲ್ಲ, ಯಾರೋ ರೈತರದ್ದು. ಒಂದೂವರೆ ಎಕರೆ ಇರುವ ಕುಟುಂಬಕ್ಕೆ ಇದು ಬದುಕಿನ ಪ್ರಶ್ನೆ. ಉಳಲು ಅಡ್ಡಿಯಿಲ್ಲ, ಆದರೆ ಮಗನಿಗೆ ಅಂತ ಒಂದು ಮನೆ ಕಟ್ಟುವಂತಿಲ್ಲ, ಮಾರಲು ಹೋದರೆ ಬೆಲೆ ಇಲ್ಲ. ಪರಿಹಾರವೂ ಸಿಗುವುದಿಲ್ಲ.

ಇನ್ನೊಂದು ವಾದ ಒಳಚರಂಡಿಯದ್ದು. ಕೊಳಚೆ ಪೈಪು ಇಳಿಜಾರು ನೋಡಿಕೊಂಡು ಹೋಗಬೇಕು. ಇಳಿಜಾರಿನ ಕೊನೆಗೆ ಇರುವುದೇ ಕೆರೆ. ಕೆರೆ ಅಂಚಿನಲ್ಲಿ ಪೈಪ್ ಹಾಕಬಾರದು, ಪಂಪ್‌ಹೌಸ್ ಕಟ್ಟಬಾರದು ಅಂದರೆ ಕೊಳಚೆ ನೀರು ಕೆರೆಗೇ ಇಳಿಯುತ್ತದೆ. ಇದು ಸುಳ್ಳಲ್ಲ.

ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಪೈಪು, ಪಂಪಿಗೆ ಮಾತ್ರ ವಿನಾಯಿತಿ ಕೊಡಬಹುದಿತ್ತು, ಅದಕ್ಕೆ ಮನೆಗಳ ಅಂತರವನ್ನು 30ರಿಂದ 3ಕ್ಕೆ ಇಳಿಸುವ ಅಗತ್ಯ ಇರಲಿಲ್ಲ. ರೈತನ ನಷ್ಟಕ್ಕೂ ಬೇರೆ ದಾರಿ ಹುಡುಕಬೇಕಿತ್ತು. ಯಾಕೆಂದರೆ ಸಡಿಲಿಕೆಯ ಲಾಭ ಹೆಚ್ಚಾಗಿ ಹೋಗುವುದು ಉಳುವವನಿಗಲ್ಲ, ಅವನಿಂದ ಮೊದಲೇ ಅಗ್ರಿಮೆಂಟ್ ಮಾಡಿಕೊಂಡು ಕೂತವರಿಗೆ.

ನೀರು ಮೀಟರ್ ನೋಡಿ ಬರುವುದಿಲ್ಲ

ನಮ್ಮ ಕಡೆಯ ಕೆರೆಗಳು ಒಂಟಿಯಾಗಿಲ್ಲ, ಸರಪಣಿಯಲ್ಲಿವೆ. ಮೇಲಿನ ಕಟ್ಟೆ ತುಂಬಿದರೆ ಕೋಡಿ ಬೀಳುತ್ತದೆ, ಅಂದರೆ ಹೆಚ್ಚಾದ ನೀರು ಹೊರಗೆ ಹರಿಯುತ್ತದೆ. ಕೋಡಿ ನೀರು ಹಳ್ಳದಲ್ಲಿ ಹರಿದು ಕೆಳಗಿನ ಕೆರೆಗೆ ಹೋಗುತ್ತದೆ. ಅದೂ ತುಂಬಿದರೆ ಇನ್ನೂ ಕೆಳಕ್ಕೆ. ಮೈಸೂರಿನ ದಕ್ಷಿಣ ಭಾಗದ ನೀರು ಹೀಗೇ ಇಳಿಯುತ್ತ ದಳವಾಯಿ ಕೆರೆ ಕಡೆಗೆ, ಅಲ್ಲಿಂದ ಕಬಿನಿ ಕಡೆಗೆ ಹೋಗುತ್ತದೆ. ಉತ್ತರ ಭಾಗದ್ದು ಕೇಸರೆ ಕಡೆಯಿಂದ ಕಾವೇರಿಗೆ. ಈ ಸರಪಣಿಯಲ್ಲಿ ಸಣ್ಣ ಕಟ್ಟೆಗಳ ಕೆಲಸ ತುಂಬಾ ಮುಖ್ಯ. ಜೋರು ಮಳೆಯ ಮೊದಲ ನೀರನ್ನು ಹಿಡಿದಿಟ್ಟು, ನಿಧಾನವಾಗಿ ಕೆಳಗೆ ಬಿಡುವುದು ಅವೇ. ಮೇಲಿನ ಕಟ್ಟೆಗಳು ಹೋದರೆ ಕೆಳಗಿನ ಕೆರೆಗೆ ಇಡೀ ದಿನದಲ್ಲಿ ಬರಬೇಕಾದ ನೀರು ಒಂದೆರಡು ಗಂಟೆಯಲ್ಲೇ ನುಗ್ಗುತ್ತದೆ.

ಎಷ್ಟು ನೀರು? ಒಂದು ಎಕರೆ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. 40 ಎಕರೆಯ ಬಡಾವಣೆ ಅಂದರೆ 80 ಲಕ್ಷ ಲೀಟರ್. ಎಂಟು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳುವುದಾದರೆ ಸಾವಿರ ಟ್ಯಾಂಕರ್. ಅದೇ ಜಾಗ ರಾಗಿ ಹೊಲವಾಗಿದ್ದಾಗ ಒಳ್ಳೆಯ ಪಾಲು ಮಣ್ಣಿಗೆ ಇಳಿಯುತ್ತಿತ್ತು, ಬದುಗಳಲ್ಲಿ ನಿಲ್ಲುತ್ತಿತ್ತು. ಈಗ ಕಾಂಕ್ರೀಟ್ ರಸ್ತೆ, ಟೈಲ್ಸ್ ಹಾಕಿದ ಅಂಗಳ, ತಾರಸಿ. ಬಹುಪಾಲು ನೀರು ಸೀದಾ ಚರಂಡಿಗೆ ಬರುತ್ತದೆ. ಚರಂಡಿ ಕೊಂಡೊಯ್ದು ಸುರಿಯುವುದು ಹಳೆಯ ಹಳ್ಳಕ್ಕೆ. ಆ ಹಳ್ಳವನ್ನೇ ಎರಡು ಕಡೆಯಿಂದ ಒತ್ತಿ ಕಿರಿದಾದ ಬಾಕ್ಸ್ ಡ್ರೈನ್ ಮಾಡಿದ್ದರೆ ನೀರು ಹಿಂದಕ್ಕೆ ಒತ್ತುತ್ತದೆ. ಮೊದಲು ಏಳುವುದು ಒಳಚರಂಡಿಯ ಮ್ಯಾನ್‌ಹೋಲ್ ಮುಚ್ಚಳ. ಆಮೇಲೆ ಬಚ್ಚಲಿನ ತೂತಿನಿಂದ ಕಪ್ಪು ನೀರು ಮನೆಯೊಳಗೆ ಉಕ್ಕುತ್ತದೆ. ಬಾಗಿಲಿಗೆ ಮರಳಿನ ಚೀಲ ಇಟ್ಟರೂ ಅದನ್ನು ತಡೆಯಲು ಆಗುವುದಿಲ್ಲ, ಬರುವುದೇ ಒಳಗಿನಿಂದ.

ಇಲ್ಲಿ ಗಮನಿಸಬೇಕಾದ ವಿಷಯ ಇದೆ. ಇಂಥ ಮನೆ ಕೆರೆಯಿಂದ 200 ಮೀಟರ್ ದೂರ ಇರಬಹುದು. ಕಾನೂನಿನ ಪ್ರಕಾರ ಎಲ್ಲವೂ ಸರಿ ಇರಬಹುದು. ಆದರೂ ಮುಳುಗುತ್ತದೆ. ಅದರಲ್ಲೂ ಎರಡು ಜಾಗಗಳು ಅಪಾಯದವು. ಒಂದು, ಕೆರೆ ಏರಿಯ ಕೆಳಗಿನ ಅಚ್ಚುಕಟ್ಟು, ಅಂದರೆ ಕೆರೆಯ ನೀರಾವರಿ ಇದ್ದ ಜಮೀನು. ಹಿಂದೆ ಅದು ಗದ್ದೆ. ತೂಬಿನಿಂದ ಇಳಿಯುವ ನೀರು ಸುಲಭವಾಗಿ ಹರಿದು ಬರಲಿ ಅಂತಲೇ ಅಲ್ಲಿ ಗದ್ದೆ ಮಾಡಿದ್ದರು. ಈಗ ನೀರಾವರಿ ನಿಂತಿದೆ, ಗದ್ದೆ ಲೇಔಟ್ ಆಗಿದೆ, ನೆಲದ ಇಳಿಜಾರು ಮಾತ್ರ ಹಾಗೇ ಇದೆ. ಇನ್ನೊಂದು, ಕೋಡಿಯ ಎದುರಿನ ಹಳ್ಳದ ಅಕ್ಕಪಕ್ಕ. ಹತ್ತು ವರ್ಷ ಕೋಡಿ ಬೀಳದಿದ್ದರೆ ಅಲ್ಲಿ ಹಳ್ಳ ಇತ್ತು ಅನ್ನುವುದೇ ಜನರಿಗೆ ಮರೆತುಹೋಗುತ್ತದೆ.

2022ರ ಮಳೆಗಾಲ ಇದನ್ನೆಲ್ಲ ನೆನಪಿಸಿತು. ಮಂಡ್ಯದ ಹತ್ತಿರ ಬೂದನೂರು ಕೆರೆ ಕೋಡಿ ಬಿದ್ದು ಬೆಂಗಳೂರು–ಮೈಸೂರು ಹೆದ್ದಾರಿ ಮೇಲೆಯೇ ನೀರು ಹರಿಯಿತು. ಹೆದ್ದಾರಿ ಕಟ್ಟಿದವರಿಗೇ ಕೋಡಿ ನೀರಿನ ಅಂದಾಜು ತಪ್ಪುವುದಾದರೆ, ಸೈಟ್ ನಕ್ಷೆ ಬರೆದವರು ಎಷ್ಟು ಲೆಕ್ಕ ಹಾಕಿರುತ್ತಾರೆ?

ಹಿಂದೆಯೂ ಕೆರೆ ಮುಚ್ಚಿದ್ದರಲ್ಲ?

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಮುಚ್ಚಿದ್ದರು, ನಿಜ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಒಂದು ಕಾಲಕ್ಕೆ ಕೆರೆಯೇ. ಸುಬ್ಬರಾಯನಕೆರೆ, ಜೀವರಾಯನಕಟ್ಟೆ ಕೂಡ ಹಾಗೇ. ಮಂಡ್ಯದಲ್ಲೂ ಕೆರೆಅಂಗಳ ಅಂತ ಕರೆಯುವ ಪ್ರದೇಶ ಊರೊಳಗೇ ಇದೆ.

ಆದರೆ ಮೈಸೂರಿನ ಆ ಹಳೆಯ ಕೆರೆಗಳ ಜಾಗ ಬಹುಪಾಲು ಬಯಲಾಗಿಯೇ ಉಳಿಯಿತು. ಮೈದಾನದಲ್ಲಿ ಎರಡು ದಿನ ನೀರು ನಿಂತರೆ ಯಾರ ಮನೆಯೂ ಹಾಳಾಗುವುದಿಲ್ಲ. ಇನ್ನೊಂದು ವಿಷಯ: 1903ರಲ್ಲೇ ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡ್ ಮಾಡಿದ ಊರು ಇದು. ಪ್ಲೇಗ್ ಹೊಡೆತ ತಿಂದ ಮೇಲೆ ಅಗಲ ರಸ್ತೆ, ಚರಂಡಿ, ಗಾಳಿ ಬೆಳಕು ಮೊದಲು, ಮನೆ ಆಮೇಲೆ ಅನ್ನುವ ಕ್ರಮ ಬಂತು. ಈಗಿನ ಊರಾಚೆಯ ಬಡಾವಣೆಗಳಲ್ಲಿ ಆ ಕ್ರಮ ತಲೆಕೆಳಗಾಗಿದೆ. ಮೊದಲು ಸೈಟ್ ಮಾರಾಟ, ಆಮೇಲೆ ಮನೆ, ಕೊನೆಗೆ ಯಾವಾಗಲೋ ಚರಂಡಿ.

ಕಾಗದದಲ್ಲಿ ಹಳ್ಳ ಹೇಗೆ ಮಾಯವಾಗುತ್ತದೆ?

ಹಳೆಯ ಕ್ರಯಪತ್ರ ಒಂದನ್ನು ತೆಗೆದು ಚೆಕ್ಕುಬಂದಿ ಓದಿ. ಜಮೀನಿನ ನಾಲ್ಕು ಗಡಿ ಬರೆದಿರುತ್ತಾರೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಕೆರೆ ಏರಿ. ಅದೇ ಜಮೀನು ಲೇಔಟ್ ಆದ ಮೇಲಿನ ಪತ್ರ ನೋಡಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪಕ್ಕದ ಸೈಟ್, ಉತ್ತರಕ್ಕೆ ಸೈಟ್, ದಕ್ಷಿಣಕ್ಕೆ ಸೈಟ್. ಹಳ್ಳ ಎಲ್ಲಿ ಹೋಯಿತು? ಯಾರೂ ಸುಳ್ಳು ಬರೆದಿಲ್ಲ. ಸೈಟಿನ ಅಳತೆ ಚಿಕ್ಕದಾದ್ದರಿಂದ ಗಡಿಗಳು ಸೈಟಿಗೆ ಸೈಟೇ ಆದವು, ಅಷ್ಟೇ. ಆದರೆ ಕೊಂಡವರಿಗೆ ಎರಡು ಸೈಟ್ ಆಚೆ ಹಳ್ಳ ಇತ್ತು ಅನ್ನುವ ಸುಳಿವೇ ಸಿಗುವುದಿಲ್ಲ.

ಕಂದಾಯ ದಾಖಲೆಯಲ್ಲಿ ಮಾತ್ರ ಅದು ಉಳಿದಿರುತ್ತದೆ. ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಇರುತ್ತದೆ. ಪ್ರತಿ ಸರ್ವೆ ನಂಬರಿನ ವಿಸ್ತೀರ್ಣದ ಲೆಕ್ಕವಿರುವ ಆಕಾರ್‌ಬಂದಿನಲ್ಲಿ ಬಿ-ಖರಾಬು ಅಂತ ವಿಸ್ತೀರ್ಣ ನಮೂದಾಗಿರುತ್ತದೆ. ಬಿ-ಖರಾಬು ಅಂದರೆ ಸಾರ್ವಜನಿಕ ಜಾಗ, ಯಾರ ಖಾಸಗಿ ಆಸ್ತಿಯೂ ಅಲ್ಲ. ಅದು ಮಾರಾಟವಾಗಿದ್ದರೂ ಆ ಮಾರಾಟಕ್ಕೆ ಬೆಲೆ ಇಲ್ಲ.

ಕೆರೆಯ ಗಡಿಯದ್ದೂ ಇದೇ ಕಥೆ. 30 ಮೀಟರ್ ಆಗಲಿ 6 ಮೀಟರ್ ಆಗಲಿ, ಎಲ್ಲಿಂದ ಅಳೆಯಬೇಕು? ಬೇಸಿಗೆಯಲ್ಲಿ ನೀರು ನಿಂತ ಅಂಚಿನಿಂದಲ್ಲ, ಸರ್ವೆಯ ಗಡಿಯಿಂದ. ಸರ್ವೆ ಮಾಡಿ ಬಾಂದುಕಲ್ಲು (ಗಡಿ ಕಲ್ಲು) ನೆಡದ ಕೆರೆಯಲ್ಲಿ ಆ ಗಡಿ ಯಾರಿಗೂ ಕಾಣುವುದಿಲ್ಲ. ಗಡಿಯೇ ಗೊತ್ತಿಲ್ಲದ ಕಡೆ ಮೀಟರ್ ಬಗ್ಗೆ ವಾದ ಮಾಡಿ ಏನು ಪ್ರಯೋಜನ? ನನ್ನ ಪ್ರಕಾರ ಇಡೀ ಚರ್ಚೆ ದಾರಿ ತಪ್ಪಿರುವುದು ಇಲ್ಲೇ. ಮೊದಲು ಸರ್ವೆ, ಕಲ್ಲು, ನಕ್ಷೆ ಆಗಬೇಕು. ಅಂತರ ಎಷ್ಟು ಅನ್ನುವುದು ಆಮೇಲಿನ ಮಾತು.

ಬಿ-ಖಾತಾ ಸಿಕ್ಕರೆ ಸಕ್ರಮವೇ?

ಅಲ್ಲ. ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ, 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಅನಧಿಕೃತ ಬಡಾವಣೆಯ ಆಸ್ತಿಗಳಿಗೆ ಬಿ-ಖಾತಾ ಕೊಡುವ ಕೆಲಸ 2025ರಲ್ಲಿ ಶುರುವಾಯಿತು. ಪಂಚಾಯಿತಿ ವ್ಯಾಪ್ತಿಯಲ್ಲಿ ಇದಕ್ಕೆ ಹತ್ತಿರದ್ದು 11ಬಿ ಅನ್ನುವ ದಾಖಲೆ. ಸರ್ಕಾರಕ್ಕೆ ತೆರಿಗೆ ಬರುತ್ತದೆ, ಮಾಲೀಕರಿಗೆ ಒಂದು ದಾಖಲೆ ಸಿಗುತ್ತದೆ. ಇಬ್ಬರಿಗೂ ಅನುಕೂಲ, ಅದರಲ್ಲಿ ತಪ್ಪೇನಿಲ್ಲ. ವರ್ಷಗಟ್ಟಲೆ ಖಾತೆಗಾಗಿ ಅಲೆದವರ ಕಷ್ಟ ದೊಡ್ಡದೇ.

ಆದರೆ ಖಾತೆ ತೆರಿಗೆಯ ಪುಸ್ತಕದಲ್ಲಿನ ಒಂದು ನಮೂದು. ಅದು ಬಡಾವಣೆಗೆ ಮಂಜೂರಾತಿ ಕೊಡುವುದಿಲ್ಲ. ಕೆರೆ ಅಂಗಳವನ್ನು ಸೈಟ್ ಮಾಡುವುದಿಲ್ಲ. ಸರ್ಕಾರಿ ಜಾಗಕ್ಕೆ ಅದು ಅನ್ವಯಿಸುವುದೂ ಇಲ್ಲ. ನಿಯಮ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಸರಿ ಮಾಡಿಕೊಡುವ ಅಕ್ರಮ–ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದನ್ನು ಇಲ್ಲಿ ನೆನಪಿಡಬೇಕು. ತೆರಿಗೆ ರಸೀದಿ ಹಿಡಿದು ಇದೇ ಸಕ್ರಮದ ಆದೇಶ ಅಂತ ಯಾರಾದರೂ ಸೈಟ್ ತೋರಿಸಿದರೆ ಸುಮ್ನೆ ನಂಬಬೇಡಿ.

ಬಡಾವಣೆ ಕೆರೆಗೆ ಮಾಡುವುದು, ಕೆರೆ ಬಡಾವಣೆಗೆ ಮಾಡುವುದು

ಪ್ರವಾಹ ವರ್ಷಕ್ಕೊಮ್ಮೆ ಬರಬಹುದು, ಬರದೆಯೂ ಇರಬಹುದು. ಕೊಳಚೆ ದಿನಾ ಬರುತ್ತದೆ. ಒಳಚರಂಡಿ ಸಂಪರ್ಕ ಇಲ್ಲದ ಬಡಾವಣೆಯ ನೀರು ಹಳ್ಳ ಸೇರಿ ಕೆರೆಗೆ ಬೀಳುತ್ತದೆ. ಕೊಳಚೆಯ ಸಾರ ತಿಂದು ಪಾಚಿ, ಜೊಂಡು ಬೆಳೆಯುತ್ತವೆ. ಪಾಚಿ ರಾತ್ರಿ ಹೊತ್ತು ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಸತ್ತು ಕೊಳೆತಾಗ ಇನ್ನಷ್ಟು ಖಾಲಿ ಮಾಡುತ್ತದೆ. ಬೆಳಗಾಗುವ ಹೊತ್ತಿಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಆಮೇಲೆ ಸೊಳ್ಳೆ, ವಾಸನೆ. ಅಕ್ಕಪಕ್ಕದ ಬೋರ್‌ವೆಲ್ ನೀರೂ ಕೆಡುತ್ತದೆ. ಕೆರೆ ನೋಟಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟು ಸೈಟ್ ಕೊಂಡವರು ಕಿಟಕಿ ಮುಚ್ಚಿಕೊಂಡು ಕೂರಬೇಕಾಗುತ್ತದೆ.

ಮೀಸಲು ಜಾಗದಲ್ಲಿ ಹುಲ್ಲು, ಗಿಡ ಇದ್ದರೆ ಹೊಲ–ಬೀದಿಯಿಂದ ಬರುವ ಮಣ್ಣು, ಕಸ ಕೆರೆಗಿಳಿಯುವ ಮೊದಲೇ ಒಂದಷ್ಟು ತಡೆಯುತ್ತದೆ. ಮೂರು ಮೀಟರಿನಲ್ಲಿ ಆ ಕೆಲಸ ಆಗುವುದು ಕಷ್ಟ. ಹೂಳು ತೆಗೆಯಲು ಜೆಸಿಬಿ, ಟಿಪ್ಪರ್ ಓಡಾಡುವುದಕ್ಕೇ ಅಷ್ಟು ಜಾಗ ಸಾಲದು. ಹೂಳು ತೆಗೆಯದ ಕಟ್ಟೆ ವರ್ಷ ವರ್ಷ ಮೇಲೇರುತ್ತದೆ, ಹಿಡಿಯುವ ನೀರು ಕಡಿಮೆಯಾಗುತ್ತದೆ, ಕೋಡಿ ಬೇಗ ಬೀಳುತ್ತದೆ. ಕಡಿಮೆ ಅಂತರ ಕೊನೆಗೆ ಪಕ್ಕದ ಮನೆಯವರಿಗೇ ತಿರುಗಿಬರುವುದು ಹೀಗೆ.

ಮುಂದೆ ಏನಾಗಬಹುದು?

ಮೈಸೂರಿನ ಅಂಚಿನ ಊರುಗಳ ಆಡಳಿತ ಪದೇ ಪದೇ ಬದಲಾಗುತ್ತಿದೆ. ಗ್ರಾಮ ಪಂಚಾಯಿತಿಗಳಾಗಿದ್ದ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆ ಆಯಿತು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹೋಗಿ ಎಂಡಿಎ (ಮೈಸೂರು ಅಭಿವೃದ್ಧಿ ಪ್ರಾಧಿಕಾರ) ಬಂತು. ಬೃಹತ್ ಮೈಸೂರಿನಲ್ಲಿ ಇವೆಲ್ಲ ಪಾಲಿಕೆಗೆ ಸೇರಬೇಕು. ಪ್ರತಿ ಬದಲಾವಣೆಯಲ್ಲೂ ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತವೆ. ಬಡಾವಣೆಗೆ ಒಪ್ಪಿಗೆ ಕೊಟ್ಟವರು ಒಬ್ಬರು, ಚರಂಡಿ ಮಾಡಬೇಕಾದವರು ಇನ್ನೊಬ್ಬರು, ಕೆರೆ ನೋಡಿಕೊಳ್ಳಬೇಕಾದವರು ಮತ್ತೊಬ್ಬರು. ಪಾಲಿಕೆಗೆ ಸೇರಿದರೆ ಒಳಚರಂಡಿ ಬರಬಹುದು ಅನ್ನುವ ಆಸೆಗೆ ಅರ್ಥವಿದೆ. ಆದರೆ ಪೈಪ್ ಹಾಕಲು ಜಾಗ ಬೇಕಲ್ಲ? ಹಳ್ಳದ ಅಂಚೂ ಕೆರೆಯ ಅಂಚೂ ಸೈಟುಗಳಾಗಿ ಮಾರಾಟವಾದ ಮೇಲೆ ಸೇರಿದರೆ ಪಾಲಿಕೆ ಮನೆ ಒಡೆದು ಪೈಪ್ ಹಾಕಬೇಕು, ಇಲ್ಲವೇ ಹಾಕದೆ ಬಿಡಬೇಕು.

ಒಡೆಯುವ ಸ್ಥಿತಿ ಬಂದರೆ ಕಷ್ಟ ಅನುಭವಿಸುವುದು ಮನೆ ಕಟ್ಟಿದವರು. ಲೇಔಟ್ ಮಾಡಿದವರು ಅಷ್ಟರಲ್ಲಿ ದುಡ್ಡು ಎಣಿಸಿಕೊಂಡು ಬೇರೆ ಊರಿನ ಬೇರೆ ಜಮೀನಿಗೆ ಹೋಗಿರುತ್ತಾರೆ. ಈ ಅನ್ಯಾಯಕ್ಕೆ ತಿದ್ದುಪಡಿಯಲ್ಲೂ ಉತ್ತರ ಇಲ್ಲ, ಖಾತಾ ಅಭಿಯಾನದಲ್ಲೂ ಇಲ್ಲ.

ಕೊಳ್ಳುವ ಮುಂಚೆ, ಈಗಾಗಲೇ ಕೊಂಡಿದ್ದರೂ

ಸರ್ವೆ ನಂಬರಿನ ಗ್ರಾಮ ನಕ್ಷೆ ತೆಗೆಸಿ ಹಳ್ಳದ ಗೆರೆ ಹುಡುಕಿ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸೈಟ್ ಮೇಲೆ ನಿಂತೇ ಸರ್ವೆ ನಂಬರ್ ನೋಡಬಹುದು, ಪಕ್ಕದ ಸರ್ವೆ ನಂಬರ್ ಕೆರೆಯದ್ದಾ ಅನ್ನುವುದೂ ತಿಳಿಯುತ್ತದೆ. ಆಕಾರ್‌ಬಂದಿನಲ್ಲಿ ಬಿ-ಖರಾಬು ಎಷ್ಟು ಅಂತ ನೋಡಿ. ಸೈಟಿನ ಪತ್ರ ಸಾಲದು, ಲೇಔಟ್ ಆಗುವ ಮುಂಚಿನ ಜಮೀನಿನ ಕ್ರಯಪತ್ರದ ಚೆಕ್ಕುಬಂದಿ ಕೇಳಿ. ಕೊಡಲು ಹಿಂದೇಟು ಹಾಕಿದರೆ ಅದೇ ಉತ್ತರ. ಊರಿನ ಹಿರಿಯರನ್ನು ಕೋಡಿ ನೀರು ಎಲ್ಲಿ ಹರಿಯುತ್ತಿತ್ತು ಅಂತ ಕೇಳಿ, ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ.

ಈಗಾಗಲೇ ಮನೆ ಕಟ್ಟಿ ಕೂತವರಿಗೂ ಮಾಡಲು ಕೆಲಸ ಇದೆ. ನಿಮ್ಮ ಕೆರೆಯ ಸರ್ವೆ ಆಗಿದೆಯಾ ಅಂತ ತಹಶೀಲ್ದಾರರ ಕಚೇರಿಯಲ್ಲಿ ಬಡಾವಣೆಯವರೆಲ್ಲ ಸೇರಿ ಬರಹದಲ್ಲಿ ಕೇಳಿ. ಆಗಿದ್ದರೆ ನಕ್ಷೆಯ ಪ್ರತಿ ಪಡೆದು ಪಂಚಾಯಿತಿ ಬೋರ್ಡಿನಲ್ಲಿ ಹಾಕಿಸಿ. ಆಗಿಲ್ಲದಿದ್ದರೆ ಮಳೆಗಾಲಕ್ಕೆ ಮುಂಚೆ ಮಾಡಿಸಿ, ಬಾಂದುಕಲ್ಲು ನೆಡಿಸಿ. ಮೇಲಿನ ಕಟ್ಟೆಯ ಸುತ್ತ ಹೊಸ ಲೇಔಟಿಗೆ ಅರ್ಜಿ ಬಿದ್ದಿದ್ದರೆ ಆಕ್ಷೇಪಣೆ ಸಲ್ಲಿಸಬೇಕಾದವರು ಆ ಕಟ್ಟೆ ಪಕ್ಕದವರಷ್ಟೇ ಅಲ್ಲ, ಅದರ ಕೋಡಿ ನೀರು ಬರುವ ದಾರಿಯಲ್ಲಿ ಕೆಳಗೆ ಇರುವ ಎಲ್ಲರೂ.